ಸೀಲು ಸಾಹೇಬರ ಇನ್ವರ್ಟರ್

ಇನ್ವರ್ಟರಿನ ಪುಟ್ಟ ಪರದೆಯ ಮೇಲೆ ನಲವತ್ತೊಂದು ಎಂದು ಇತ್ತು. ಸೀಲು ಸಾಹೇಬರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ನಲವತ್ತೊಂದೇ. ಅವರ ಲೆಕ್ಕದ ಪ್ರಕಾರ ಬೆಳಗ್ಗೆ ಏಳು ಗಂಟೆಗೆ ಬ್ಯಾಟರಿಯಲ್ಲಿ ನೂರಕ್ಕೆ ಅರವತ್ತಾದರೂ ಉಳಿದಿರಬೇಕಿತ್ತು. ಬಾಕಿ ಹತ್ತೊಂಬತ್ತು ಎಲ್ಲಿ ಹೋಯಿತು? ಅದಕ್ಕೇನು ಕಾಲು ಬಂದು ಕೆರೆ ಕಡೆ ವಾಯುವಿಹಾರಕ್ಕೆ ಹೋಯಿತೆ?

"ಕದೀತಿದಾರೆ," ಎಂದರು ಸಾಹೇಬರು, ತಮಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ.

ಇಂಥ ಮಾತನ್ನು ಅವರು ಬಾಯಿಗೆ ಬಂದಂತೆ ಆಡುವವರಲ್ಲ. ಮೂವತ್ತೊಂದು ವರ್ಷ ವಿದ್ಯುತ್ ಇಲಾಖೆಯಲ್ಲಿ ಕರೆಂಟ್ ಕಳ್ಳರನ್ನು ಹಿಡಿಯುವುದೇ ಅವರ ಕೆಲಸವಾಗಿತ್ತು. ಮೀಟರಿಗೆ ಅಯಸ್ಕಾಂತ ಇಟ್ಟವರು, ಕಂಬಕ್ಕೆ ಕೊಕ್ಕೆ ಹಾಕಿದವರು, ಗೋಡೆಯೊಳಗೆ ಗುಟ್ಟಾಗಿ ತಂತಿ ಎಳೆದವರು, ಎಲ್ಲರನ್ನೂ ನೋಡಿದ್ದರು. ಹಿಡಿದ ಮೀಟರಿಗೆಲ್ಲ ತಂತಿ ಸುತ್ತಿ, ಸೀಸದ ಬಿಲ್ಲೆ ಪೋಣಿಸಿ, ಇಕ್ಕಳದಿಂದ ಅದುಮಿ ಸೀಲು ಹಾಕುತ್ತಿದ್ದರು. ಹೆಸರು ಬಂದದ್ದು ಹಾಗೆ. ನಿವೃತ್ತಿಯ ದಿನ ಇಲಾಖೆಯ ಸಾಮಾನನ್ನೆಲ್ಲ ಒಪ್ಪಿಸಿದರು, ಆ ಇಕ್ಕಳವೊಂದನ್ನು ಬಿಟ್ಟು. ಅದು ಕಳೆದುಹೋಗಿದೆ ಎಂದು ಬರೆದುಕೊಟ್ಟರು. ಕಳ್ಳರನ್ನು ಹಿಡಿಯುವವರೇ ಒಂದು ಇಕ್ಕಳ ಹೊಡೆದಿರಬಹುದೆಂದು ಇಲಾಖೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಈಗ ಸಾಹೇಬರ ಮನೆಯೆಂದರೆ ಒಂದು ಹಳೆಯ ಬಸ್ಸು. ಸೀಟುಗಳನ್ನು ಕಿತ್ತು, ಹಿಂದುಗಡೆ ಮಂಚ, ನಡುವೆ ಒಲೆ ಮತ್ತು ತೊಟ್ಟಿ, ಕಿಟಕಿಯ ಕೆಳಗೆ ಉದ್ದನೆಯ ಬೆಂಚು ಮಾಡಿಸಿದ್ದರು. ಮೂವತ್ತೊಂದು ವರ್ಷ ಗಂಡನ ವರ್ಗಾವಣೆಯ ಹಿಂದೆ ಪಾತ್ರೆ ಕಟ್ಟಿ ಪಾತ್ರೆ ಬಿಚ್ಚಿ ಸಾಕಾಗಿದ್ದ ಹೆಂಡತಿ, "ಇನ್ಮೇಲೆ ನಾನು ಪಾತ್ರೆ ಕಟ್ಟಲ್ಲ. ಮನೆಯನ್ನೇ ಓಡಿಸ್ಕೊಂಡು ಹೋಗೋಣ," ಎಂದಿದ್ದಳು. ತಮಾಷೆಗೆ ಅಂದ ಮಾತು ಹೋಗಿ ಹೋಗಿ ಬಸ್ಸಾಗಿ ಬಾಗಿಲ ಮುಂದೆ ನಿಂತಿತು. ಸಾಹೇಬರಿಗೆ ಕಣ್ಣಿನ ಆಪರೇಷನ್ ಆದ ಮೇಲೆ ಓಡಿಸುವುದು ಕಷ್ಟವಾಗಿ, ಹೆಂಡತಿಯ ತಮ್ಮ ಚಾಲಕನಾಗಿ ಸೇರಿಕೊಂಡ. ಮದುವೆಯಾಗದ ಮನುಷ್ಯ. ರೇಡಿಯೋ, ಫ್ಯಾನು, ಮಿಕ್ಸಿ ಯಾವುದನ್ನು ಕೊಟ್ಟರೂ ಬಿಚ್ಚಿ ರಿಪೇರಿ ಮಾಡಿ, ಉಳಿದ ಎರಡು ಸ್ಕ್ರೂ ಜೇಬಿಗೆ ಹಾಕಿಕೊಳ್ಳುವವನು. ಬಸ್ಸಿಗೆ ಇನ್ವರ್ಟರ್ ಕೂರಿಸಿದವನೂ ಅವನೇ.

"ಭಾವ, ಜನರೇಟರ್ ಅಂದ್ರೆ ದುಡಿಯೋನು. ಇನ್ವರ್ಟರ್ ಅಂದ್ರೆ ಅವನು ದುಡಿದು ಕೂಡಿಟ್ಟಿದ್ದನ್ನ ಹಂಚೋನು," ಎಂದು ಅವತ್ತು ವಿವರಿಸಿದ್ದ. "ಜನರೇಟರ್ ಓಡ್ತಿದ್ರೆ ಎಲ್ಲಾ ಪ್ಲಗ್ಗಿಗೂ ಅದರದೇ ಕರೆಂಟು, ಬ್ಯಾಟರಿನೂ ತುಂಬುತ್ತೆ. ಅದನ್ನ ಆರಿಸಿದ ತಕ್ಷಣ ಇನ್ವರ್ಟರ್ ತಾನಾಗೇ ಬ್ಯಾಟರಿಯಿಂದ ತಗೊಂಡು ಅದೇ ಪ್ಲಗ್ಗುಗಳಿಗೆ ಕೊಡುತ್ತೆ. ನಲವತ್ತಕ್ಕಿಂತ ಕೆಳಗೆ ಇಳಿದ್ರೆ ಬ್ಯಾಟರಿ ಹಾಳಾಗಬಾರದು ಅಂತ ಕೈ ಎತ್ತಿಬಿಡುತ್ತೆ. ಅಷ್ಟೇ."

ಸಾಹೇಬರು ಅರ್ಧ ಕೇಳಿಸಿಕೊಂಡು ಅರ್ಧ ಕಿಟಕಿ ನೋಡಿದ್ದರು. ಕರೆಂಟಿನ ವಿಷಯದಲ್ಲಿ ಭಾವಮೈದನಿಂದ ಪಾಠ ಹೇಳಿಸಿಕೊಳ್ಳುವುದೆಂದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು.

ಕೆರೆಯ ದಂಡೆಯ ಈ ಮೈದಾನಕ್ಕೆ ಬಂದು ಹನ್ನೆರಡು ದಿನವಾಗಿತ್ತು. ಇಂಥ ಮನೆ-ಬಸ್ಸುಗಳು ನಿಲ್ಲಲೆಂದೇ ಮಾಡಿದ ಜಾಗ. ನೀರಿದೆ, ನೆರಳಿದೆ, ಆದರೆ ಕಂಬವಿಲ್ಲ, ಕರೆಂಟಿಲ್ಲ. ಜನರೇಟರ್ ಓಡಿಸಲು ಬೆಳಗ್ಗೆ ಒಂಬತ್ತರಿಂದ ಹನ್ನೊಂದು, ಸಂಜೆ ನಾಲ್ಕರಿಂದ ಆರು, ಅಷ್ಟೇ ಅಪ್ಪಣೆ. ಹನ್ನೊಂದಕ್ಕೆ ಒಂದು ನಿಮಿಷ ಮೀರಿದರೂ ಮೈದಾನದ ಕಾವಲಿನ ಹೆಂಗಸು ಸೀಟಿ ಊದಿಕೊಂಡು ಬಂದು ನಿಲ್ಲುತ್ತಿದ್ದಳು. ಹಿಂದಿನ ಜಾಗಗಳಲ್ಲೆಲ್ಲ ಕಂಬದಿಂದ ತಂತಿ ಎಳೆದುಕೊಳ್ಳಬಹುದಿತ್ತು, ಬ್ಯಾಟರಿಯ ಗೊಡವೆಯೇ ಇರಲಿಲ್ಲ. ಇಲ್ಲಿ ರಾತ್ರಿಗೆ ಬ್ಯಾಟರಿಯೇ ಗತಿ.

ರಾತ್ರಿ ಬ್ಯಾಟರಿ ಬೇಕಾಗಿದ್ದದ್ದು ದೀಪಕ್ಕಲ್ಲ. ಸಾಹೇಬರ ಹೆಂಡತಿಗೆ ಮಲಗಿದಾಗ ಉಸಿರು ನಿಂತು ನಿಂತು ಬರುವ ಕಾಯಿಲೆ. ಮೂಗಿಗೆ ಮುಸುಕು ಕಟ್ಟಿ ಗಾಳಿ ಊದುವ ಒಂದು ಮಿಷನ್ ಕೊಟ್ಟಿದ್ದರು ಡಾಕ್ಟರು. "ಒಂದು ರಾತ್ರಿಯೂ ತಪ್ಪಿಸಬೇಡಿ, ಹೃದಯದ ಮೇಲೆ ಬೀಳುತ್ತೆ. ಇದು ಓಡುತ್ತೆ ಅಂತಾದ್ರೆ ಪ್ರವಾಸ ಹೋಗಿ, ಇಲ್ಲದಿದ್ರೆ ಮನೇಲಿರಿ," ಎಂದು ಖಡಾಖಂಡಿತವಾಗಿ ಹೇಳಿದ್ದರು. ಕಳೆದ ಶುಕ್ರವಾರ ಬೆಳಗಿನ ಜಾವ ಬ್ಯಾಟರಿ ನಲವತ್ತಕ್ಕೆ ಇಳಿದು, ಇನ್ವರ್ಟರ್ ಕೈ ಎತ್ತಿ, ಮಿಷನ್ ನಿಂತೇಹೋಗಿತ್ತು. ಮಲಗುವಾಗ ಕಿವಿಯ ಮಿಷನ್ ತೆಗೆದಿಡುವ ಸಾಹೇಬರಿಗೆ ಏನೂ ಕೇಳಿಸಿರಲಿಲ್ಲ. ಎದ್ದು ನೋಡಿದರೆ ಹೆಂಡತಿ ಮಂಚದ ಅಂಚಿನಲ್ಲಿ ಕೂತು ಎದೆ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದಳು. ಆ ನೋಟ ಅವರ ಕಣ್ಣಿನಿಂದ ಹೋಗಿರಲಿಲ್ಲ. ಅಂದಿನಿಂದ ರಾತ್ರಿ ಫ್ಯಾನು ಬಂದ್, ದೀಪ ಬಂದ್. ಆದರೂ ಸೋಮವಾರ ನಲವತ್ತಮೂರು, ಮಂಗಳವಾರ ನಲವತ್ತೆರಡು, ಇವತ್ತು ಬುಧವಾರ ನಲವತ್ತೊಂದು.

ಹಾಗಾಗಿ ಇದು ಕರೆಂಟಿನ ಕಳ್ಳತನವಲ್ಲ, ತಮ್ಮ ಹೆಂಡತಿಯ ಉಸಿರಿನ ಕಳ್ಳತನ ಎಂದು ಸಾಹೇಬರು ತೀರ್ಮಾನಿಸಿದರು. ಬಸ್ಸಿನಲ್ಲಿ ಇರುವವರು ಮೂವರು. ಕದ್ದದ್ದು ತಾವಲ್ಲ. ಹೆಂಡತಿ ತನ್ನ ಉಸಿರನ್ನು ತಾನೇ ಕದಿಯುವವಳಲ್ಲ. ಇನ್ನು ಉಳಿದವನು ಯಾರು ಎಂದು ಹೇಳಲು ಇಲಾಖೆಯ ಪರೀಕ್ಷೆ ಪಾಸಾಗಬೇಕಿರಲಿಲ್ಲ.

ಉಳಿದವನು ಆಗ ಬಸ್ಸಿನ ಹೊರಗೆ ಮಡಚುವ ಕುರ್ಚಿಯ ಮೇಲೆ ಕೂತು ಚಹಾ ಹೀರುತ್ತಿದ್ದ.

"ಎಷ್ಟಿದೆ ಭಾವ?"

"ಇದೆ," ಎಂದರು ಸಾಹೇಬರು. ತನಿಖೆಯ ಹಂತದಲ್ಲಿ ಅಂಕಿ ಬಿಟ್ಟುಕೊಡಬಾರದು.

"ಎಲ್ಲೋ ಸೋರ್ತಾ ಇದೆ. ನನ್ನ ಕ್ಲ್ಯಾಂಪ್ ಮೀಟರ್ ಹಾಕಿ ಯಾವ ತಂತೀಲಿ ಕರೆಂಟ್ ಹರೀತಿದೆ ಅಂತ ಒಂದೊಂದೇ ನೋಡ್ಲಾ? ಹತ್ತು ನಿಮಿಷದ ಕೆಲಸ."

"ಬೇಡ. ನಾನು ನೋಡ್ಕೋತೀನಿ."

"ಬ್ಯಾಟರಿ ಪೆಟ್ಟಿಗೆನಾದ್ರೂ ತೆಗೀರಿ. ಬೆಂಚಿನ ಕೆಳಗಿಂದ ಏನೋ ಬಿಸಿ ಬರೋ ಹಾಗಿದೆ."

"ಪೆಟ್ಟಿಗೆಗೆ ಸೀಲು ಹಾಕಿದೀನಿ. ಅದನ್ನ ಯಾರೂ ಮುಟ್ಟೋ ಹಾಗಿಲ್ಲ."

ಭಾವಮೈದ ಲೋಟ ಕೆಳಗಿಟ್ಟ. "ಅಲ್ಲ ಭಾವ, ನಿಮ್ಮ ಆ ಹಳೇ ಬ್ಯಾಟರಿ ಚಾರ್ಜರ್ ಇತ್ತಲ್ಲ, ಇಲಾಖೆಯವರು ಬೀಳ್ಕೊಡುಗೆಗೆ ಕೊಟ್ಟಿದ್ದು? ಅದನ್ನೇನಾದ್ರೂ ಎಲ್ಲಾದ್ರೂ ಸಿಕ್ಕಿಸಿದೀರಾ?"

"ಅದನ್ನ ಯಾವತ್ತೋ ಬಿಸಾಕಾಯ್ತು," ಎಂದರು ಸಾಹೇಬರು, ಕಣ್ಣು ಮಿಟುಕಿಸದೆ.

ಬಿಸಾಕಿರಲಿಲ್ಲ. ಆ ಚಾರ್ಜರ್ ಇಟ್ಟಿಗೆಯಷ್ಟು ದಪ್ಪ, ಇಟ್ಟಿಗೆಯಷ್ಟೇ ಭಾರ. ಅದರ ನೆತ್ತಿಯ ಮೇಲೆ ಸಾಹೇಬರ ಹೆಸರು ಕೆತ್ತಿದ ಹಿತ್ತಾಳೆಯ ತಗಡಿತ್ತು. ಇನ್ವರ್ಟರ್ ಕೂರಿಸುವಾಗ ಭಾವಮೈದ, "ಇದರೊಳಗೇ ಚಾರ್ಜರ್ ಇದೆ, ಆ ಹಳೇದು ಇನ್ನು ಬೇಡ," ಎಂದು ಅದನ್ನು ಪಕ್ಕಕ್ಕೆ ಸರಿಸಿದ್ದು ಅವರ ಮನಸ್ಸಿಗೆ ಚುಚ್ಚಿತ್ತು. ಈ ಮೈದಾನಕ್ಕೆ ಬಂದ ಎರಡನೇ ಸಂಜೆ, ಉಳಿದಿಬ್ಬರೂ ಕೆರೆಯ ಕಡೆ ಹೋಗಿದ್ದಾಗ, ಸಾಹೇಬರು ಬೆಂಚಿನ ಕೆಳಗಿನ ಬ್ಯಾಟರಿ ಪೆಟ್ಟಿಗೆ ತೆಗೆದು, ಚಾರ್ಜರನ್ನು ಬ್ಯಾಟರಿಗೆ ಕಟ್ಟಿ, ಒಳಗಿನ ಪ್ಲಗ್ಗಿಗೆ ಸಿಕ್ಕಿಸಿ, ಮುಚ್ಚಿ ಸೀಲು ಹಾಕಿದ್ದರು. ಜನರೇಟರ್ ಓಡುವುದು ಒಂದು ಹೊತ್ತಿಗೆ ಬರೀ ಎರಡು ಗಂಟೆ. ಒಂದರ ಬದಲು ಎರಡು ಚಾರ್ಜರ್ ತುಂಬಿದರೆ ಒಳ್ಳೆಯದೇ ಅಲ್ಲವೆ? ಹೆಂಡತಿಗಾಗಿ ಮಾಡಿದ ಕೆಲಸ. ಯಾರ ಮುಂದೆಯೂ ಹೇಳಿಕೊಳ್ಳುವ ಅಗತ್ಯವಿಲ್ಲ. ಹೇಳಿದರೆ ಮತ್ತೆ ಪಾಠ ಶುರುವಾಗುತ್ತದೆ.

ಅಂದು ಬೆಳಗ್ಗೆ ಅವರು ಬಲೆ ಬೀಸಿದರು. ಹನ್ನೊಂದಕ್ಕೆ ಜನರೇಟರ್ ಆರಿಸಿದ ಮೇಲೆ ಪ್ಲಗ್ಗುಗಳಿಗೆಲ್ಲ ಬಿಳಿ ಕಾಗದದ ಪಟ್ಟಿ ಅಂಟಿಸಿ ಸಹಿ ಹಾಕಿದರು. ಒಲೆಯ ಪಕ್ಕದ್ದಕ್ಕೆ, ಮಂಚದ ಬಳಿಯದಕ್ಕೆ, ಚಾಲಕನ ಸೀಟಿನ ಹಿಂದಿನದಕ್ಕೆ. ಫ್ರಿಜ್ಜಿನ ಪ್ಲಗ್ಗನ್ನು ಕಿತ್ತು ಅದಕ್ಕೂ ಪಟ್ಟಿ. ಚಾಲಕನ ಬಾಗಿಲಿಗೆ ಹೆಂಡತಿಯ ಹೊಲಿಗೆ ಡಬ್ಬದಿಂದ ತೆಗೆದ ಕಪ್ಪು ದಾರ ಅಡ್ಡ ಕಟ್ಟಿದರು.

"ಏನ್ರೀ ಇದು, ಫ್ರಿಜ್ಜಿಗೂ ಸೀಲಾ? ಹಾಲು ಒಡೆದುಹೋಗುತ್ತೆ," ಎಂದಳು ಹೆಂಡತಿ.

"ಒಡೀಲಿ. ಒಂದು ದಿನ."

"ಮೂವತ್ತೊಂದು ವರ್ಷ ಊರವರ ಮನೆಗೆ ನುಗ್ಗಿದ್ರಿ. ಈಗ ನಮ್ಮ ಮನೆಗೇ ನುಗ್ಗಿದ್ರಾ?"

"ನಿನಗೆ ಗೊತ್ತಾಗಲ್ಲ, ಸುಮ್ನಿರು. ಇದೆಲ್ಲ ನಿನಗೋಸ್ಕರವೇ."

ಸಾಹೇಬರು ಒಗೆದ ಬಟ್ಟೆ ಒಣಹಾಕಿದ್ದ ಹಗ್ಗದ ಹಿಂದೆ, ಎರಡು ಸೀರೆಗಳ ಸಂದಿಯಲ್ಲಿ ಕುರ್ಚಿ ಹಾಕಿಕೊಂಡು ಕಣ್ಣಲ್ಲಿ ಕಣ್ಣಿಟ್ಟು ಕಾದರು. ಭಾವಮೈದ ಒಮ್ಮೆ ಬಸ್ಸಿನ ಕಡೆ ಬಂದ. ಸಾಹೇಬರು ಸೀರೆಯ ಅಂಚು ಸರಿಸಿ ಇಣುಕಿದರು. ಅವನು ಟೋಪಿ ತೆಗೆದುಕೊಂಡು, ಒದ್ದೆ ಸೀರೆಗೆ "ಬಿಸಿಲು ಜೋರಾಗಿದೆ ಭಾವ, ಒಳಗೆ ಕೂತ್ಕೊಳ್ಳಿ," ಎಂದು ಹೇಳಿ ಹೋದ. ಮೂರೂವರೆಗೆ ಒಳಗೆ ಹೋಗಿ ನೋಡಿದರೆ ಪಟ್ಟಿಗಳೆಲ್ಲ ಅಂಟಿಸಿದ ಹಾಗೇ ಇದ್ದವು. ದಾರ ಹರಿದಿರಲಿಲ್ಲ. ಬ್ಯಾಟರಿ ಮಾತ್ರ ಹನ್ನೊಂದು ಗಂಟೆಯಿಂದ ಈಚೆಗೆ ಒಂಬತ್ತು ಭಾಗ ಇಳಿದಿತ್ತು.

ಬೇರೆ ಯಾರಾದರೂ ಆಗಿದ್ದರೆ, ಯಾರೂ ಮುಟ್ಟಿಲ್ಲ ಎಂದ ಮೇಲೆ ಕಳ್ಳನೇ ಇಲ್ಲ ಎಂದುಕೊಳ್ಳುತ್ತಿದ್ದರು. ಸಾಹೇಬರು ಹಾಗಲ್ಲ. ಪ್ಲಗ್ಗು ಮುಟ್ಟದೆ ಕದಿಯುತ್ತಿದ್ದಾನೆ ಎಂದರೆ ಗುಟ್ಟಾಗಿ ತಂತಿ ಎಳೆದಿದ್ದಾನೆ. ಇವನು ಸಾಮಾನ್ಯದವನಲ್ಲ.

ಟಾರ್ಚು ಹಿಡಿದು, ಮೊಣಕಾಲೂರಿ, ಗೋಡೆಯ ಹಲಗೆಗಳ ಅಂಚಿನಲ್ಲೇ ಹುಡುಕುತ್ತ ಹೋದರು. ಸಿಕ್ಕೇಬಿಟ್ಟಿತು. ಹೆಂಡತಿಯ ಮಂಚದ ಕೆಳಗಿಂದ ಹೊರಟ ಒಂದು ತೆಳ್ಳನೆಯ ನೀಲಿ ತಂತಿ, ನೆಲಹಾಸಿನ ಅಡಿಯಲ್ಲಿ ನುಸುಳಿ, ಮುಂದೆ ಚಾಲಕನ ಸೀಟಿನ ಹತ್ತಿರ, ಭಾವಮೈದ ಹಾಸಿಗೆ ಹಾಸಿಕೊಳ್ಳುವ ಜಾಗದಲ್ಲಿ ತಲೆ ಎತ್ತಿತ್ತು. ತುದಿಯಲ್ಲಿ ಬಟ್ಟೆ ಸುತ್ತಿದ ಏನೋ ಒಂದು. ಸಾಹೇಬರಿಗೆ ಇಪ್ಪತ್ತು ವರ್ಷ ಚಿಕ್ಕವರಾದಂತೆ ಆಯಿತು.

"ಬಾರಯ್ಯ ಇಲ್ಲಿ," ಎಂದು ಕರೆದರು. "ಇದೇನಿದು?"

ಭಾವಮೈದ ಬಾಗಿಲಲ್ಲೇ ನಿಂತ. ಅವನ ಮುಖ ಸ್ವಲ್ಪ ಕೆಂಪಾಯಿತು, ಅದೂ ಸಾಹೇಬರ ಕಣ್ಣು ತಪ್ಪಲಿಲ್ಲ. "ಅದು ಬೆಲ್ಲು ಭಾವ. ಅಕ್ಕನ ಮಿಷನ್ ನಿಂತ್ರೆ ನನ್ನ ತಲೆ ಹತ್ರ ಹೊಡೆಯೋ ಹಾಗೆ ಮಾಡಿದೀನಿ. ಶುಕ್ರವಾರ ಆಯ್ತಲ್ಲ, ಆಮೇಲೆ. ನಿಮಗೆ ರಾತ್ರಿ ಕೇಳ್ಸಲ್ಲ ಅಂತ... ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

"ಬೆಲ್ಲು."

"ಸಣ್ಣ ಪೆನ್ ಸೆಲ್ಲಲ್ಲಿ ನಡೆಯುತ್ತೆ. ಇನ್ವರ್ಟರಿಂದ ಒಂದು ಹನಿನೂ ತಗೊಳ್ಳಲ್ಲ."

"ಇಂಥ ಕಥೆ ಎಷ್ಟು ಕೇಳಿದೀನಿ ಗೊತ್ತೇನಯ್ಯಾ? ಒಬ್ಬ ಗೋಡೆಯೊಳಗಿನ ತಂತಿ ತೋರಿಸಿ, ಬಟ್ಟೆ ಒಣಹಾಕೋಕೆ ಅಂದಿದ್ದ." ಎಂದವರೇ ಸಾಹೇಬರು ತಂತಿಗೆ ಕೈ ಹಾಕಿ ಎಳೆದರು. ಅದು ನೆಲಹಾಸಿನ ಉದ್ದಕ್ಕೂ ಚರಚರ ಎಂದು ಕಿತ್ತು ಬಂತು. ಕೊನೆಗೆ ಬಟ್ಟೆಯ ಗಂಟು ಬಿಚ್ಚಿ ಒಂದು ಪುಟ್ಟ ಬೆಲ್ಲು ನೆಲಕ್ಕೆ ಬಿದ್ದು ಟಿಣ್ ಎಂದಿತು. ಅದಾದರೂ ಅವರ ಕಣ್ಣು ತೆರೆಸಬೇಕಿತ್ತು. ಅನುಮಾನ ಹಿಡಿದವರಿಗೆ ಬೆಲ್ಲೂ ಸುಳ್ಳುಸಾಕ್ಷಿಯೇ.

"ಅಕ್ಕನ ಉಸಿರು ಕದಿಯೋನು ಅಂತ ನನ್ನ ಅಂದ್ಕೊಂಡ್ರಾ ಭಾವ?" ಎಂದ ಭಾವಮೈದ. ದನಿ ಏರಿಸಲಿಲ್ಲ. ತನ್ನ ಹಾಸಿಗೆ ಸುತ್ತಿ ಹೊರಗೆ ಒಯ್ದು, ಬೇವಿನ ಮರದಡಿ ಡೇರೆ ಹಾಕಿಕೊಂಡ.

ಹೆಂಡತಿ ಒಲೆಯ ಮುಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಅವನನ್ನ ಕಳಿಸ್ತೀರಾ?"

"ನಾನು ಅನ್ಯಾಯ ಮಾಡೋನಲ್ಲ. ಭಾನುವಾರದವರೆಗೆ ಟೈಮ್ ಕೊಡ್ತೀನಿ. ಬ್ಯಾಟರಿ ಮತ್ತೆ ಹೀಗೇ ಇಳೀತು ಅಂದ್ರೆ ಸೋಮವಾರ ಅವನು ಅವನ ದಾರಿ ನೋಡ್ಕೊಳ್ಳಲಿ. ನಾವು ಇನ್ನೊಬ್ಬ ಡ್ರೈವರನ್ನ ಹುಡುಕಿ ನಮ್ಮ ಊರ ಕಡೆ ಹೊರಡೋಣ."

"ಬೆಳಗ್ಗೆ ಎಷ್ಟಿರಬೇಕು ಅಂತೀರಿ?"

"ಅರವತ್ತು. ಅದಕ್ಕೆ ಒಂದೆರಡು ಹೆಚ್ಚುಕಮ್ಮಿ ಇರ್ಲಿ, ಪರವಾಗಿಲ್ಲ."

"ಅರವತ್ತು," ಎಂದಳು ಹೆಂಡತಿ, ಅಂಗಡಿಯಿಂದ ತರಬೇಕಾದ ಸಾಮಾನು ನೆನಪಿಟ್ಟುಕೊಳ್ಳುವವರ ಹಾಗೆ.

ಗುರುವಾರ ಬೆಳಗ್ಗೆ ಪರದೆಯ ಮೇಲೆ ಐವತ್ತೇಳು ಇತ್ತು. ಶುಕ್ರವಾರ ಅರವತ್ತು. ಶನಿವಾರ ಅರವತ್ತೊಂದು. ಸಾಹೇಬರು ಎಂದಿನಂತೆ ಕಿಟಕಿಯ ಕೆಳಗಿನ ಬೆಂಚಿನ ಮೇಲೆ ಕೂತು ಲೆಕ್ಕದ ಪುಸ್ತಕದಲ್ಲಿ ಒಂದೊಂದನ್ನೂ ಬರೆದು ಕೆಳಗೆ ಗೆರೆ ಎಳೆದರು. ಮೀಸೆ ಇದ್ದಿದ್ದರೆ ತಿರುವುತ್ತಿದ್ದರು.

"ನೋಡಿದ್ಯಾ? ತಂತಿ ಕಿತ್ತ ಮಾರನೇ ದಿನದಿಂದಲೇ ಸರಿಹೋಯ್ತು. ಬಾಲ ಮುದುರಿಕೊಂಡ."

ಹೆಂಡತಿ ಒಲೆ ಹಚ್ಚಿದಳು. ಆಕೆಯ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಶುಕ್ರವಾರ ಒಲೆಯ ಮುಂದೆ ನಿಂತಲ್ಲೇ ತೂಕಡಿಸಿ ಹಾಲು ಉಕ್ಕಿಸಿದಳು. ಶನಿವಾರ ಮಧ್ಯಾಹ್ನ ತಲೆ ಒಡೆಯುತ್ತಿದೆ ಎಂದು ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕೂತಳು. ಸಾಹೇಬರಿಗೆ ಇದರಲ್ಲೂ ವಾಸನೆ ಬಂತು. ತಾವು ಕಿವಿಯ ಮಿಷನ್ ತೆಗೆದಿಟ್ಟು ಮಲಗಿದ ಮೇಲೆ ಅಕ್ಕ ಎದ್ದು ಹೋಗಿ ತಮ್ಮನ ಡೇರೆಯಲ್ಲಿ ಕೂತು ಮಾತಾಡುತ್ತಿದ್ದಾಳೆ, ಗಂಡನ ವಿರುದ್ಧ ಕಿವಿ ಊದಿಸಿಕೊಳ್ಳುತ್ತಿದ್ದಾಳೆ, ಅದಕ್ಕೇ ಈ ನಿದ್ದೆಗೇಡು. ಬಾಗಿಲಿಗೆ ಕಪ್ಪು ದಾರ ಕಟ್ಟಿ ನೋಡಿದರು. ಬೆಳಗ್ಗೆ ದಾರ ಹಾಗೇ ಇತ್ತು. ಹಾಗಾದರೆ ಕಿಟಕಿಯಿಂದ ಮಾತಾಡುತ್ತಿರಬೇಕು ಎಂದುಕೊಂಡರು.

ಭಾನುವಾರ ಮತ್ತೆ ಅರವತ್ತು. ಭಾವಮೈದ ಮಾತ್ರ ಡೇರೆಯ ಗೂಟ ಕೀಳುತ್ತಿದ್ದ.

"ಇನ್ನೂ ಯಾಕಯ್ಯಾ? ಭಾನುವಾರ ಬಂತು, ನೀನು ಪಾಸು," ಎಂದರು ಸಾಹೇಬರು ದೊಡ್ಡ ಮನಸ್ಸು ಮಾಡಿ.

"ಪಾಸಾಗಿರೋದಕ್ಕೇ ಹೋಗ್ತಿದೀನಿ ಭಾವ," ಎಂದ ಅವನು ತಲೆ ಎತ್ತದೆ. "ಫೇಲಾಗಿದ್ರೆ ನಿಂತು ಜಗಳ ಆಡಬಹುದಿತ್ತು. ನಾನು ಏನೂ ಮಾಡದೆ ಕರೆಂಟ್ ಉಳೀತು ಅಂದ್ರೆ ನಾನೇ ಕಳ್ಳ ಅಂತ ಆಗೋಯ್ತಲ್ಲ. ಮಧ್ಯಾಹ್ನದ ಬಸ್ಸಿದೆ."

ಸಾಹೇಬರು ಒಳಗೆ ಬಂದರು. ಭಾನುವಾರ ಅವರಿಗೆ ಇನ್ನೊಂದು ಕೆಲಸವಿತ್ತು, ವಾರದಲ್ಲಿ ಅವರಿಗೆ ಅತಿ ಇಷ್ಟವಾದದ್ದು. ಹೆಂಡತಿಯ ಮಿಷನ್ನಿಗೆ ಅದು ಒಟ್ಟು ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಒಂದು ಮೀಟರಿತ್ತು. ಅದನ್ನು ವಾರಕ್ಕೊಮ್ಮೆ ಡಾಕ್ಟರು ಕೊಟ್ಟ ಕಾರ್ಡಿನಲ್ಲಿ ಬರೆಯಬೇಕು. ಜಗತ್ತಿನಲ್ಲಿ ತಮಗಾಗಿ ಉಳಿದಿರುವ ಕೊನೆಯ ಮೀಟರ್ ಎಂದು ಸಾಹೇಬರು ಅದನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ಹೋದ ಭಾನುವಾರ ಸಾವಿರದ ಒಂಬೈನೂರ ಹನ್ನೆರಡು. ರಾತ್ರಿಗೆ ಏಳು ಗಂಟೆಯಂತೆ ಏಳು ರಾತ್ರಿಗೆ ನಲವತ್ತೊಂಬತ್ತು. ಇವತ್ತು ಸಾವಿರದ ಒಂಬೈನೂರ ಅರವತ್ತೊಂದು ಇರಬೇಕು. ಕಾರ್ಡಿನಲ್ಲಿ ಮೊದಲೇ ಬರೆದುಬಿಡುವಷ್ಟು ಧೈರ್ಯದಿಂದ ಪೆನ್ನು ತೆರೆದು ಮೀಟರ್ ನೋಡಿದರು.

ಸಾವಿರದ ಒಂಬೈನೂರ ಮೂವತ್ತಮೂರು.

ಮೀಟರ್ ಹಿಂದೆ ಬಿದ್ದಿದೆ! ಸಾಹೇಬರ ಒಳಗಿದ್ದ ಇಲಾಖೆ ದಡಬಡನೆ ಎದ್ದು ಕೂತಿತು. ಮೀಟರಿಗೂ ಕೈ ಹಾಕಿದನೆ? ಹೊರಗೆ ಗೂಟ ಕೀಳುವ ಸದ್ದು ಕೇಳುತ್ತಿತ್ತು. ಓಡಿಹೋಗುವ ಮೊದಲು ಹಿಡಿಯಬೇಕು ಎಂದು ಮೇಲೆದ್ದೇಬಿಟ್ಟರು. ಆದರೆ ಮೂವತ್ತೊಂದು ವರ್ಷದ ಅಭ್ಯಾಸ ಕೈಯನ್ನು ಬಿಡಲಿಲ್ಲ. ಅದು ಕಾರ್ಡಿನ ಮೂಲೆಯಲ್ಲಿ ತಾನಾಗಿ ಕಳೆಯುವ ಲೆಕ್ಕ ಮಾಡಿತು. ಕಮ್ಮಿ ಬಿದ್ದದ್ದು ಇಪ್ಪತ್ತೆಂಟು ಗಂಟೆ. ಏಳರಂತೆ ನಾಲ್ಕು ರಾತ್ರಿ. ಬುಧವಾರ, ಗುರುವಾರ, ಶುಕ್ರವಾರ, ಶನಿವಾರ.

ಐವತ್ತೇಳು, ಅರವತ್ತು, ಅರವತ್ತೊಂದು, ಅರವತ್ತು.

ಸಾಹೇಬರು ಮಂಚದ ಮೇಲೆ ಕೂತುಬಿಟ್ಟರು. ಹೆಂಡತಿ ತೊಟ್ಟಿಯ ಹತ್ತಿರ ಲೋಟ ತೊಳೆಯುತ್ತಿದ್ದಳು. ಆಕೆಯ ಹೆಗಲು ಉಸಿರಿಗೊಮ್ಮೆ ಏರಿ ಇಳಿಯುತ್ತಿದ್ದದ್ದು ಅವರಿಗೆ ಈಗ ಕಾಣಿಸಿತು. ನಾಲ್ಕು ದಿನದಿಂದ ಅದು ಹಾಗೇ ಏರಿ ಇಳಿಯುತ್ತಿತ್ತು.

"ನೀನು ಮಿಷನ್ ಹಾಕ್ಕೊಂಡಿಲ್ಲ," ಎಂದರು.

ಆಕೆ ತಿರುಗಲಿಲ್ಲ. ಲೋಟವನ್ನು ಮೂರು ಸಲ ತೊಳೆದಳು.

"ನೀವು ಮಲಗೋವರೆಗೂ ಮುಸುಕು ಮಾತ್ರ ಹಾಕ್ಕೊಂಡಿರ್ತಿದ್ದೆ, ಸ್ವಿಚ್ಚು ಹಾಕ್ತಿರ್ಲಿಲ್ಲ. ಆಮೇಲೆ ತೆಗೀತಿದ್ದೆ."

"ಯಾಕೆ?"

"ಅರವತ್ತು ಬೇಕು ಅಂದ್ರಲ್ಲ."

ಎಷ್ಟೋ ಮನೆಗಳಲ್ಲಿ ಹೆಂಗಸರು ತಮ್ಮೆದುರು ಅತ್ತದ್ದು, ಕಾಲು ಹಿಡಿದದ್ದು, ಬೈದದ್ದು ಎಲ್ಲ ಸಾಹೇಬರು ನೋಡಿದ್ದರು. ಅದಾವುದಕ್ಕೂ ಬರೆಯುವುದನ್ನು ನಿಲ್ಲಿಸಿರಲಿಲ್ಲ. ಈಗ ಕಾರ್ಡಿನಲ್ಲಿ ಏನೂ ಬರೆಯದೆ ಪೆನ್ನು ಕೆಳಗಿಟ್ಟರು.

"ಏನಾದ್ರೂ ಆಗಿದ್ರೆ?"

"ಆಗ್ಲಿಲ್ಲವಲ್ಲ. ಎದ್ದು ಕೂತ್ಕೋತಿದ್ದೆ. ಕೂತ್ರೆ ಉಸಿರು ಬರುತ್ತೆ." ಹೆಂಡತಿ ಈಗ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ, ಕೋಪವಿತ್ತು. "ಬೆಲ್ಲು ಇದ್ದಿದ್ರೆ ಅವನಿಗೆ ಗೊತ್ತಾಗ್ತಿತ್ತು, ಮೊದಲ ರಾತ್ರಿಯೇ ಬಂದು ಬೈತಿದ್ದ. ಅದನ್ನ ನೀವೇ ಕಿತ್ತು ಹಾಕಿದ್ರಿ. ನನಗೂ ಅನುಕೂಲವೇ ಆಯ್ತು."

ಸಾಹೇಬರು ಎದ್ದು ಬಾಗಿಲಿಗೆ ಹೋಗಿ ಭಾವಮೈದನನ್ನು ಕರೆದರು. ಯಾವ ದನಿಯಲ್ಲಿ ಕರೆದರೋ, ಅವನು ಗೂಟ ಅಲ್ಲೇ ಬಿಟ್ಟು ಓಡಿಬಂದ.

"ನಿನ್ನ ಕ್ಲ್ಯಾಂಪ್ ಮೀಟರ್ ತಗೊಂಡು ಬಾ. ಎಲ್ಲಿ ಹೋಗ್ತಿದೆ ನೋಡು. ಈಗಲೇ."

ಜನರೇಟರ್ ಆರಿತ್ತು. ಭಾವಮೈದ ಒಂದೊಂದೇ ಸ್ವಿಚ್ಚು ಆರಿಸಿದ. ದೀಪವಿಲ್ಲ, ಫ್ಯಾನಿಲ್ಲ, ಫ್ರಿಜ್ಜಿಲ್ಲ. ಇನ್ವರ್ಟರಿನಿಂದ ಹೊರಬರುವ ತಂತಿಗಳನ್ನು ಒಂದೊಂದಾಗಿ ಮೀಟರಿನ ದವಡೆಯೊಳಗೆ ಹಿಡಿದ. ಮೊದಲನೆಯದು ಸೊನ್ನೆ. ಎರಡನೆಯದು ಸೊನ್ನೆ. ಮೂರನೆಯದಕ್ಕೆ ಮೀಟರಿನಲ್ಲಿ ಅಂಕಿ ಎದ್ದಿತು.

"ಇದರಲ್ಲಿ ಹರೀತಾ ಇದೆ," ಎಂದ. ತಂತಿಯ ಮೇಲೆ ಬೆರಳಾಡಿಸುತ್ತ ಹಿಂದೆ ಹಿಂದೆ ಹೋದ. ಒಲೆ ದಾಟಿತು, ಕಿಟಕಿ ದಾಟಿತು. ಬೆಂಚಿನ ಮುಂದೆ ನಿಂತ. ಬೆಂಚಿನ ಕೆಳಗಿನ ಪೆಟ್ಟಿಗೆಯ ಮೇಲೆ ತಂತಿ ಸುತ್ತಿ, ಬಿಲ್ಲೆ ಅದುಮಿ ಹಾಕಿದ ಸೀಲು ಇತ್ತು. ಒಂದಿಷ್ಟೂ ಅಲ್ಲಾಡದ, ಇಲಾಖೆಯ ಅತ್ಯುತ್ತಮ ಸೀಲು.

ಭಾವಮೈದ ಸೀಲನ್ನು ನೋಡಿದ, ಭಾವನನ್ನು ನೋಡಿದ. ಮುಟ್ಟಲಿಲ್ಲ.

ಸಾಹೇಬರು ಜೇಬಿನಿಂದ ಇಕ್ಕಳ ತೆಗೆದು ಸೀಲು ಕತ್ತರಿಸಿದರು. ಮುಚ್ಚಳ ಎತ್ತಿದ ಕೂಡಲೇ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಒಳಗೆ ಇಟ್ಟಿಗೆಯಂಥ ಚಾರ್ಜರ್ ಗುಂಯ್ ಎನ್ನುತ್ತ ಕೂತಿತ್ತು. ಜನರೇಟರ್ ಆರಿದ್ದರೂ ಅದರ ಕೆಂಪು ದೀಪ ಉರಿಯುತ್ತಿತ್ತು. ಹಿತ್ತಾಳೆಯ ತಗಡಿನ ಮೇಲಿನ ಹೆಸರು ಆ ಬೆಳಕಿನಲ್ಲಿ ಚೆನ್ನಾಗಿ ಓದುವಂತಿತ್ತು.

ಭಾವಮೈದ ವಿವರಿಸುವ ಅಗತ್ಯವೇ ಬೀಳಲಿಲ್ಲ. ಅವತ್ತು ಕಿಟಕಿ ನೋಡುತ್ತ ಕೇಳಿಸಿಕೊಳ್ಳದೆ ಬಿಟ್ಟ ಅರ್ಧ ಪಾಠ ಈಗ ತಾನಾಗಿ ನೆನಪಾಯಿತು. ಜನರೇಟರ್ ಆರಿಸಿದ ತಕ್ಷಣ ಅದೇ ಪ್ಲಗ್ಗುಗಳಿಗೆ ಇನ್ವರ್ಟರ್ ಕರೆಂಟು ಕೊಡುತ್ತದೆ. ಈ ಪ್ಲಗ್ಗಿಗೂ. ಬ್ಯಾಟರಿಯಿಂದ ಇನ್ವರ್ಟರಿಗೆ, ಇನ್ವರ್ಟರಿನಿಂದ ಚಾರ್ಜರಿಗೆ, ಚಾರ್ಜರಿನಿಂದ ಮತ್ತೆ ಅದೇ ಬ್ಯಾಟರಿಗೆ. ತನ್ನನ್ನು ತಾನೇ ತುಂಬಿಕೊಳ್ಳುತ್ತೇನೆಂದು ಸುತ್ತಿ ಸುತ್ತಿ, ಸುತ್ತಿಗೊಂದಷ್ಟು ಬಿಸಿಯಾಗಿ ಕಳೆದುಕೊಂಡು, ಹಗಲೂ ರಾತ್ರಿಯೂ ಬ್ಯಾಟರಿ ಬರಿದಾಗುತ್ತಿತ್ತು. ಕಳ್ಳ ಅವರ ಆಸನದ ಕೆಳಗೇ, ಅವರದೇ ಸೀಲಿನೊಳಗೆ ಭದ್ರವಾಗಿದ್ದ. ಅವನ ಮೇಲೆ ಕೂತುಕೊಂಡೇ ಅವರು ದಿನಾ ಪುಸ್ತಕ ಬರೆಯುತ್ತಿದ್ದರು.

"ಬಿಸಾಕಿದ್ದೆ ಅಂದ್ರಲ್ಲ ಭಾವ," ಎಂದ ಭಾವಮೈದ ಮೆಲ್ಲಗೆ.

"ಸುಳ್ಳು ಹೇಳಿದೆ," ಎಂದರು ಸಾಹೇಬರು. ಇಂಥ ತಪ್ಪೊಪ್ಪಿಗೆಯನ್ನು ಅವರು ಬೇರೆಯವರ ಬಾಯಿಂದ ನೂರಾರು ಸಲ ಕೇಳಿದ್ದರು, ತಮ್ಮ ಬಾಯಿಂದ ಇದೇ ಮೊದಲು. "ನಿನ್ನನ್ನ ಕಳ್ಳ ಅಂದೆ. ಇವಳು ನಾಲ್ಕು ರಾತ್ರಿಯಿಂದ ಮಿಷನ್ ಇಲ್ಲದೆ ಕೂತಿದಾಳೆ, ಅದೂ ನನ್ನಿಂದಲೇ."

ಕೊನೆಯ ಮಾತು ಭಾವಮೈದನಿಗೆ ಹೊಸದು. ಅವನು ಅಕ್ಕನ ಕಡೆ ತಿರುಗಿದ. "ನಾಲ್ಕು ರಾತ್ರಿ? ತಲೆಗಿಲೆ ಕೆಟ್ಟಿದೆಯೇನೇ ಅಕ್ಕ ನಿನಗೆ?" ಎಂದು ಕೂಗಿದ. ಆ ಬಸ್ಸಿನಲ್ಲಿ ಅವನು ದನಿ ಏರಿಸಿದ್ದು ಅದೊಂದೇ ಸಲ.

"ಬೈಯೋದಿದ್ರೆ ಇಬ್ರೂ ಸರದಿಯಲ್ಲಿ ಬೈಯಿರಿ," ಎಂದಳು ಆಕೆ. "ನಾನು ಮೊದಲು ಮಲಗ್ತೀನಿ."

ಹಾಡುಹಗಲು ಹನ್ನೆರಡು ಗಂಟೆಗೆ ಆಕೆ ಮಂಚ ಹತ್ತಿದಳು. ಸಾಹೇಬರು ಚಾರ್ಜರಿನ ಪ್ಲಗ್ಗು ಕಿತ್ತರು. ಆಮೇಲೆ ಮುಸುಕಿನ ಪಟ್ಟಿಯನ್ನು ಹೆಂಡತಿಯ ತಲೆಯ ಹಿಂದೆ ತಾವೇ ಬಿಗಿದರು. "ನಾಳೆ ಊರಲ್ಲಿ ಡಾಕ್ಟರಿಗೆ ತೋರಿಸೋಣ," ಎಂದರು. ಆಕೆ ಮುಸುಕಿನೊಳಗಿಂದ ಏನೋ ಹೇಳಿದಳು, ಅರ್ಥವಾಗಲಿಲ್ಲ. ಕ್ಷಮಿಸಿದೆ ಎಂದಂತೂ ಇರಲಿಕ್ಕಿಲ್ಲ. ಐದು ನಿಮಿಷದಲ್ಲಿ ನಿದ್ದೆ ಹೋದಳು.

ಭಾವಮೈದ ಬಾಗಿಲ ಬಳಿ ನಿಂತಿದ್ದ. ಮಧ್ಯಾಹ್ನದ ಬಸ್ಸಿಗೆ ಇನ್ನೂ ಹೊತ್ತಿತ್ತು. ಹೋಗಬೇಡ ಎಂದು ಹೇಳುವ ಮುಖ ಸಾಹೇಬರಿಗೆ ಇರಲಿಲ್ಲ. ಅವರು ಬೆಂಚಿನ ಮೂಲೆಯಿಂದ ಆ ನೀಲಿ ತಂತಿಯ ಸುರುಳಿಯನ್ನೂ ಬೆಲ್ಲನ್ನೂ ತೆಗೆದರು. ಪಟ್ಟಿ ಅಂಟಿಸಿ, ತಾರೀಖು ಬರೆದು, ಸಾಕ್ಷಿಗೆಂದು ಜೋಪಾನವಾಗಿ ಎತ್ತಿಟ್ಟಿದ್ದರು. ಪಟ್ಟಿ ಹರಿದು ಭಾವಮೈದನ ಕೈಗೆ ಕೊಟ್ಟರು.

"ಇದನ್ನ ಮತ್ತೆ ಹಾಕು. ನಿನ್ನ ತಲೆ ಹತ್ರ ಮೊದಲಿದ್ದ ಹಾಗೇ. ಮತ್ತೆ ಇನ್ನೊಂದು ತಂತಿ ನನ್ನ ದಿಂಬಿನ ಕೆಳಗೂ ಎಳಿ."

"ನಿಮಗೆ ರಾತ್ರಿ ಬೆಲ್ಲು ಕೇಳ್ಸಲ್ಲವಲ್ಲ ಭಾವ."

"ಗೊತ್ತು. ಬೆಲ್ಲು ಬೇಡ. ಅಲುಗಾಡೋದು, ನಡುಗೋದು, ಅಂಥದ್ದೇನಾದ್ರೂ ಇರುತ್ತಲ್ಲ? ಮುಖಕ್ಕೆ ಹೊಡೆಯೋದಿದ್ರೂ ಸರಿ."

ಭಾವಮೈದ ತಂತಿಯನ್ನು ಬೆರಳಿಗೆ ಸುತ್ತಿಕೊಂಡ. "ಹಳೇ ಮೊಬೈಲ್ ಒಳಗೆ ಒಂದು ಸಣ್ಣ ಮೋಟಾರ್ ಇರುತ್ತೆ," ಎಂದ. "ಸ್ಕ್ರೂ ಡ್ರೈವರ್ ಡೇರೇಲಿದೆ, ತರ್ತೀನಿ."

ಅವನು ಹೋದ ಮೇಲೆ ಸಾಹೇಬರು ಪುಸ್ತಕ ತೆರೆಯಲಿಲ್ಲ, ಪರದೆ ನೋಡಲಿಲ್ಲ. ಕಿವಿಯ ಮಿಷನ್ನಿನ ಗುಂಡಿ ತಿರುಗಿಸಿ ಸದ್ದು ಪೂರ್ತಿ ಏರಿಸಿಕೊಂಡರು. ಹೆಂಡತಿಯ ಪಕ್ಕ ನೆಲದ ಮೇಲೆ ಕೂತು, ಗಾಳಿ ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ಕೇಳುತ್ತಿದ್ದ ಅವರು ನಾಲ್ಕು ಗಂಟೆಗೆ, ಇನ್ನು ಜನರೇಟರ್ ಓಡಿಸಬಹುದೆಂದು ಕಾವಲಿನವಳು ಊದುವ ಸೀಟಿ ಕೇಳುವ ತನಕ ಕದಲಲಿಲ್ಲ.